ಅನ್ನ ಆರುವ ತನಕ

ಯಾರ ಮನೆಗೆ ಹೋದರೂ ನಮ್ಮ ಸಾಹೇಬರು ಮನೆಯವರಿಗಿಂತ ಮೊದಲು ಅಂಗಳದ ಮಣ್ಣನ್ನು ಮಾತಾಡಿಸುತ್ತಿದ್ದರು. ಗೇಟು ತೆಗೆದು ಒಳಗೆ ಬಂದವರೇ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು, ಬೆರಳಲ್ಲಿ ಉಜ್ಜಿ, ಮೂಸಿ, ಆಮೇಲೆ ಬಾಗಿಲು ತಟ್ಟುವರು. ಒಮ್ಮೆ ಲಕ್ಷ್ಮೀಪುರಂನಲ್ಲಿ ಸಾವಾದ ಮನೆಯೊಂದಕ್ಕೆ ಮಾತಾಡಿಸಲು ಹೋಗಿದ್ದೆವು. ತೀರಿಕೊಂಡವರ ಮಗ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರೆ, ಇವರು ತುಳಸಿಕಟ್ಟೆಯ ಮಣ್ಣನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಾರೆ. ದುಃಖ ಪಡಬೇಡಿ ಎಂದರು. ಅಂಗೈಯ ಮಣ್ಣನ್ನು ಇನ್ನೊಮ್ಮೆ ಮೂಸಿ, ಇದಕ್ಕೆ ಒಂದಿಷ್ಟು ಸುಣ್ಣ ಹಾಕಿಸಿ ಎಂದರು. ಅವನು ಪಾಪ, ಅದೂ ಕರ್ಮಾಂತರದ ಒಂದು ಭಾಗವೆಂದು ತಿಳಿದು, ಪುರೋಹಿತರನ್ನು ಕೇಳಿ ಹಾಕಿಸುತ್ತೇನೆ ಎಂದ.

ಹೋದ ತಿಂಗಳು ಅವರೇ ತೀರಿಕೊಂಡರೆಂದು ತಿಳಿದಾಗ ನನಗೆ ಮೊದಲು ನೆನಪಾದದ್ದು ಇದು. ನಗು ಬಂತು. ನಗಬಾರದ ಹೊತ್ತಿನಲ್ಲಿ ನಗಿಸುವುದು ಅವರ ಹಳೆಯ ಚಾಳಿ.

ನಾನು ಅವರ ಕೈಕೆಳಗೆ ಚಿತ್ರಗಾರನಾಗಿದ್ದೆ. ಬೇಸಾಯದ ಇಲಾಖೆಯಲ್ಲಿ ಚಿತ್ರಗಾರನಿಗೇನು ಕೆಲಸ ಎಂದು ಮಂಡಿ ಮೊಹಲ್ಲಾದ ನಮ್ಮ ಓಣಿಯವರು ಬಹಳ ದಿನ ಕೇಳುತ್ತಿದ್ದರು. ಕೆಲಸ ಬೇಕಾದಷ್ಟಿತ್ತು. ಪೈರಿನ ಬೇರು, ಗೊಬ್ಬರದ ಗುಂಡಿ, ಕಾಂಡ ಕೊರೆಯುವ ಹುಳು, ಸಾಲು ನಾಟಿಯ ಹಗ್ಗ, ಇವನ್ನೆಲ್ಲ ದೊಡ್ಡ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದುಕೊಡಬೇಕು. ಅರಮನೆಯ ಚಿತ್ರಗಾರರ ಹತ್ತಿರ ಕಲಿತಿದ್ದ ಗುರುಗಳಿಂದ ಕಲಿತವನು ನಾನು. ನನ್ನ ಕಾಂಡಕೊರಕಕ್ಕೆ ಕಣ್ಣಿನಲ್ಲಿ ಹೊಳಪಿರುತ್ತಿತ್ತು, ಮೈಯಲ್ಲಿ ನೆರಳುಬೆಳಕಿನ ಕೆಲಸವಿರುತ್ತಿತ್ತು. ಒಬ್ಬ ಗೌಡರು ಅದರ ಎದುರು ಬಹಳ ಹೊತ್ತು ನಿಂತು ನೋಡಿ, ನಮ್ಮ ತೀರಿಹೋದ ಅಪ್ಪಯ್ಯನ ಚಿತ್ರ ಬರೆದುಕೊಡುತ್ತೀರಾ ಎಂದು ಕೇಳಿದರು. ಹುಳುವಿನ ವಿಷಯ ಒಂದು ಮಾತೂ ಆಡಲಿಲ್ಲ.

ಸಾಹೇಬರಿಗೆ ಜೀವನದಲ್ಲಿ ಇದ್ದ ದೊಡ್ಡ ಭಯವೆಂದರೆ ಖಾಲಿ ಕುರ್ಚಿ. ಐವತ್ತರ ದಶಕದ ನಡುವಿನ ಮಾತು. ಹೊಸ ತಳಿ, ಹೊಸ ನಾಟಿ, ಹೊಸ ಗೊಬ್ಬರ ಎಂದು ಸರ್ಕಾರ ಒಂದೇ ಸಮನೆ ಹೇಳುತ್ತಿದ್ದ ಕಾಲ. ಊರಾಚೆ ಒಂದು ಕೆರೆಯ ಕೆಳಗೆ ಇಲಾಖೆಯ ಗದ್ದೆಯಿತ್ತು. ಅಲ್ಲಿ ಪೈರು ಬಲಿತ ಹೊತ್ತಿಗೆ ಸುತ್ತಲಿನ ರೈತರನ್ನು ಕರೆದು, ತೋರಿಸಿ, ತಿಳಿಸಿ, ಊಟ ಹಾಕಿ ಕಳಿಸುವುದೇ ಕ್ಷೇತ್ರೋತ್ಸವ. ಅದನ್ನು ನಡೆಸುವ ಹೊಣೆ ಇವರದು. ದೇವರಾಜ ಮೊಹಲ್ಲಾದಿಂದ ಶಾಮಿಯಾನ ಬರುತ್ತಿತ್ತು, ಮೈಕು ಬರುತ್ತಿತ್ತು, ಬಾಡಿಗೆ ಕುರ್ಚಿಗಳು ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ರೈತರು ಮಾತ್ರ ಬರುತ್ತಿರಲಿಲ್ಲ. ಮೊದಲ ಉತ್ಸವದಲ್ಲಿ ನಾವು ಇಲಾಖೆಯವರು, ನೆರಳು ಹುಡುಕಿಕೊಂಡು ಬಂದ ಇಬ್ಬರು ಮುದುಕರು, ಮೈಕಿನವನು, ಇಷ್ಟೇ ಜನ. ಸಾಹೇಬರು ರೈತಬಾಂಧವರೇ ಎಂದು ಶುರು ಮಾಡಿ ಭಾಷಣ ಪೂರ್ತಿ ಮುಗಿಸಿದರು. ಕೊನೆಯಲ್ಲಿ ಪ್ರಶ್ನೆಗಳೇನಾದರೂ ಇವೆಯೇ ಎಂದು ಕೇಳಿದಾಗ ಒಬ್ಬ ಮುದುಕ ಎದ್ದು, ಊಟ ಎಷ್ಟೊತ್ತಿಗೆ ಎಂದ. ಒಳ್ಳೆಯ ಪ್ರಶ್ನೆ ಎಂದು ಸಾಹೇಬರು ಅದನ್ನೂ ಮೈಕಿನಲ್ಲೇ ಉತ್ತರಿಸಿದರು.

ಬೆಂಗಳೂರಿನಿಂದ ತನಿಖೆಗೆ ಬಂದ ದೊಡ್ಡ ಸಾಹೇಬರು ಇದನ್ನೆಲ್ಲ ನೋಡಿ ಒಂದು ಮಾತು ಹೇಳಿ ಹೋದರು. ಮುಂದಿನ ಸಲವೂ ಹೀಗೇ ಆದರೆ ಕ್ಷೇತ್ರೋತ್ಸವ ನಿಲ್ಲಿಸಿಬಿಡೋಣ, ನೀವು ಬೆಂಗಳೂರಿಗೆ ಬಂದು ಅಂಕಿಅಂಶದ ವಿಭಾಗದಲ್ಲಿ ಕೂತುಬಿಡಿ, ಎಂದು. ಅವರು ಅದನ್ನು ಸಮಾಧಾನಕ್ಕೇ ಹೇಳಿದ್ದಿರಬಹುದು. ಆದರೆ ನಮ್ಮ ಸಾಹೇಬರು ಕೂರುವ ಜಾತಿಯವರೇ ಅಲ್ಲ. ಕಚೇರಿಯಲ್ಲಿ ಅವರ ಕುರ್ಚಿಯ ಮೇಲೆ ಅವರ ಛತ್ರಿ ಕೂತಿರುತ್ತಿತ್ತು. ಅವರು ಯಾವುದಾದರೂ ಬದುವಿನ ಮೇಲೆ ಇರುತ್ತಿದ್ದರು. ಆ ಮಾತು ಕೇಳಿದ ದಿನ ಅವರ ಮುಖ ನೋಡಿದವನಿಗೆ, ಯಾರೋ ಇವರನ್ನು ಜೈಲಿಗೆ ಹಾಕುತ್ತೇವೆಂದಿದ್ದಾರೆ ಅನ್ನಿಸುತ್ತಿತ್ತು.

ಒಂದು ವಾರ ಬದುವಿನಿಂದ ಬದುವಿಗೆ ಓಡಾಡಿದರು. ಆಮೇಲೆ ಒಂದು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, ರೈತ ಎಷ್ಟೇ ಕೆಲಸವಿದ್ದರೂ ಯಾತಕ್ಕೆ ತಪ್ಪದೆ ಹೋಗುತ್ತಾನೆ ಹೇಳು ಎಂದರು. ಕೋರ್ಟಿಗೆ ಎಂದೆ. ಅದು ಬಿಟ್ಟು ಎಂದರು. ನಾನು ಯೋಚಿಸುತ್ತಿದ್ದಾಗ ಅವರೇ ಹೇಳಿದರು.

"ಮದುವೆಗೆ ಕಣಯ್ಯ. ಮದುವೆ ಪತ್ರಿಕೆ ಕೈಗೆ ಕೊಟ್ಟರೆ ಯಾವನೂ ತಪ್ಪಿಸೋದಿಲ್ಲ."

ಹಾಗೆ ನಮ್ಮ ಕ್ಷೇತ್ರೋತ್ಸವಕ್ಕೆ ಲಗ್ನಪತ್ರಿಕೆ ಅಚ್ಚಾಯಿತು. ಮೇಲೆ ಎರಡು ಬಾಳೆಕಂಬ, ನಡುವೆ ಕಳಶ, ಬದಿಗೆ ನಾನು ಬರೆದ ಭತ್ತದ ತೆನೆ. ಚಿರಂಜೀವಿ ಸೌಭಾಗ್ಯವತಿ ಹೊಸ ಭತ್ತವು ಬೆಳೆದು ನಿಂತಿರುವ ಶುಭ ಸಂದರ್ಭದಲ್ಲಿ ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ, ಪೈರನ್ನು ನೋಡಿ, ಭೋಜನ ಸ್ವೀಕರಿಸಿ, ಎಂದೆಲ್ಲ ಸಾಹೇಬರೇ ಬರೆದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದು ನಾನು. ಮಂಡಿಗೆ ಬೆಲ್ಲ, ಧಾನ್ಯ ತಂದ ರೈತರ ಗಾಡಿಗಳು ನಿಂತಿರುತ್ತಿದ್ದವಲ್ಲ, ಅಲ್ಲಿಗೆ ಸಾಹೇಬರೇ ಹೋಗಿ, ಪ್ರತಿಯೊಬ್ಬರಿಗೂ ಎರಡು ಕೈಯಲ್ಲಿ ಪತ್ರಿಕೆ ಕೊಟ್ಟು, ಮನೆಮಂದಿಯೆಲ್ಲ ಬರಬೇಕು ಎಂದು ಕೈಮುಗಿದರು. ಇಸಿದುಕೊಂಡವರಲ್ಲಿ ಮುಕ್ಕಾಲು ಜನಕ್ಕೆ ಓದು ಬರುತ್ತಿರಲಿಲ್ಲ. ಅರಿಶಿನ ನೋಡಿದರು, ಕಳಶ ನೋಡಿದರು, ಸಾಹೇಬರಿಗೆ ಮದುವೆಯ ವಯಸ್ಸಿನ ಮಗಳಿದ್ದಾಳೆಂದು ನೆನಪು ಮಾಡಿಕೊಂಡರು. ಅಷ್ಟು ಸಾಕಾಯಿತು.

ಅಚ್ಚುಕೂಟದ ಕಡೆಯಿಂದ ಸುದ್ದಿ ಸಾಹೇಬರ ಮನೆಯಿದ್ದ ಲಕ್ಷ್ಮೀಪುರಂಗೂ ಹೋಯಿತು. ಸಾಹೇಬರ ಹೆಂಡತಿ ಸೀತಮ್ಮನವರ ಹತ್ತಿರ ಅಕ್ಕಪಕ್ಕದ ಹೆಂಗಸರು ಬಂದು, ನಮಗೆ ಹೇಳದೆ ಮಗಳ ಮದುವೆ ಗೊತ್ತು ಮಾಡಿದಿರಲ್ಲ, ಗಂಡು ಯಾವೂರು ಎಂದು ಕೇಳಿದರು. ಆ ರಾತ್ರಿ ಊಟಕ್ಕೆ ಕೂತಾಗ ಸೀತಮ್ಮನವರು ಹೇಳಿದ್ದನ್ನು ಸಾಹೇಬರು ಮರುದಿನ ನನಗೆ ಯಥಾವತ್ತಾಗಿ ಒಪ್ಪಿಸಿದರು: "ಭತ್ತಕ್ಕೆ ಪತ್ರಿಕೆ ಮಾಡಿಸೋಕೆ ಪುರುಸೊತ್ತಿದೆ, ಹುಡುಗಿಗೊಂದು ಗಂಡು ನೋಡೋಕೆ ಇಲ್ಲ." ಮಗಳು ಮಾತ್ರ ನಗುನಗುತ್ತ ಒಂದು ಪತ್ರಿಕೆಯನ್ನು ತನ್ನ ಕಾಲೇಜಿನ ಪುಸ್ತಕದೊಳಗೆ ಇಟ್ಟುಕೊಂಡಳಂತೆ.

ಇಲ್ಲಿ ಒಂದು ವಿಷಯ ಹೇಳಬೇಕು. ಸಾಹೇಬರು ಸುತ್ತಮುತ್ತಲ ಎಲ್ಲ ಹಳ್ಳಿಗೂ ಹೋಗುತ್ತಿದ್ದರು, ಒಂದನ್ನು ಬಿಟ್ಟು. ಅದು ಅವರ ಸ್ವಂತ ಊರು. ಜೀಪು ಆ ಊರಿನ ಕವಲುದಾರಿಗೆ ಬಂದಾಗಲೆಲ್ಲ ಕನ್ನಡಕ ತೆಗೆದು ಒರೆಸತೊಡಗುವರು. ದಾರಿ ದಾಟಿದ ಮೇಲೆ ಹಾಕಿಕೊಳ್ಳುವರು. ಯಾಕೆಂದು ಸೀತಮ್ಮನವರು ಒಮ್ಮೆ ಹೇಳಿದ್ದರು. ತಾಯಿಯಿಲ್ಲದ ಇವರನ್ನು ಸಾಕಿದ್ದು ಸೋದರತ್ತೆ ನಿಂಗಮ್ಮ. ಬೇಸಾಯದ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರು ಮೊಟ್ಟಮೊದಲು ಹೊಸ ತಳಿ ಹಾಕಿಸಿದ್ದು ಆ ಅತ್ತೆಯ ಗದ್ದೆಯಲ್ಲೇ. ರೋಗ ಬಿದ್ದು ಪೈರೆಲ್ಲ ಹೋಯಿತು. ಗದ್ದೆ ಇದ್ದ ಮನೆಯವರು ಆ ವರ್ಷ ಅಕ್ಕಿ ಕೊಂಡು ಉಂಡರು. ಅತ್ತೆ ಒಂದು ಮಾತೂ ಅನ್ನಲಿಲ್ಲ. ಅದೇ ಇವರಿಗೆ ತಡೆಯಲಾಗಲಿಲ್ಲವೋ ಏನೋ, ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಉತ್ಸವದ ದಿನ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಗಾಡಿಗಳ ಸಾಲು ಕಂಡಾಗ ಸಾಹೇಬರು ನನ್ನ ತೋಳು ಹಿಡಿದುಕೊಂಡರು. ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಎತ್ತುಗಳ ಕೊಂಬಿಗೆ ಬಣ್ಣ, ಗಾಡಿಯ ತುಂಬ ರೇಷ್ಮೆ ಸೀರೆಯ ಹೆಂಗಸರು, ಹೊಸ ಅಂಗಿಯ ಮಕ್ಕಳು, ಮಡಿಲಲ್ಲಿ ಮುಯ್ಯಿಯ ತಟ್ಟೆ, ತೆಂಗಿನಕಾಯಿ. ಒಬ್ಬರಂತೂ ತಮ್ಮ ಲೆಕ್ಕದಲ್ಲಿ ಓಲಗದವರನ್ನೇ ಕರೆತಂದಿದ್ದರು. ಬೆಂಗಳೂರಿನ ದೊಡ್ಡ ಸಾಹೇಬರು ಜೀಪಿನಿಂದ ಇಳಿದದ್ದಕ್ಕೂ ಓಲಗ ಊದಿದ್ದಕ್ಕೂ ಸರಿಹೋಯಿತು. ಟೋಪಿ ಹಾಕಿಕೊಂಡು ಅವರು ಇಳಿದದ್ದೇ ತಡ, ಗಂಡಿನ ಕಡೆಯ ಹಿರಿಯರು ಇವರೇ ಇರಬೇಕೆಂದು ಇಬ್ಬರು ಗೌಡರು ಓಡಿಹೋಗಿ ಕಾಲು ತೊಳೆಯಲು ನೀರು ಕೊಟ್ಟರು. ದೊಡ್ಡ ಸಾಹೇಬರು ಬೂಟಿನಲ್ಲಿದ್ದರು. ಆ ಚೊಂಬನ್ನು ಏನು ಮಾಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದರು.

ಕೊನೆಯ ಗಾಡಿಯಿಂದ ಇಳಿದವಳು ಒಬ್ಬ ಮುದುಕಿ. ಗಟ್ಟಿ ಆಳು. ಯಾರ ಕೈಯನ್ನೂ ಹಿಡಿಯದೆ ಇಳಿದು, ಸೀರೆ ಕೊಡವಿಕೊಂಡು, ಶಾಮಿಯಾನದ ಕೆಳಗೆ ಸಾಲಾಗಿ ನಿಂತಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಸಾಹೇಬರು ಕನ್ನಡಕ ತೆಗೆದರು. ಒರೆಸಲು ಕೈಗೆ ಬಟ್ಟೆ ಸಿಗಲಿಲ್ಲ. ನಿಂಗಮ್ಮತ್ತೆ ಎಂದು ನನಗೆ ಆಗಲೇ ಗೊತ್ತಾಯಿತು.

"ಮಗಳ ಮದ್ವೆ ಮಾಡ್ತೀಯ, ಪತ್ರಿಕೆ ಕಂಡೋರ ಕೈಲಿ ಬತ್ತದೆ. ಸಾಕಿದ ಅತ್ತೆ ಮನೆ ಬಾಗಿಲು ಮರ್ತೋಯ್ತಾ?"

"ಮದುವೆ ಅಲ್ಲ ಅತ್ತೆ," ಎಂದರು ಸಾಹೇಬರು. ಅವರ ದನಿ ಮೈಕಿನ ಸಾಹೇಬರದ್ದಾಗಿರಲಿಲ್ಲ. "ಭತ್ತ."

"ಬತ್ತಕ್ಕೆ ಮದ್ವೆಯಾ?"

ಇಲ್ಲ ಎಂದು ಅವರು ಎಲ್ಲವನ್ನೂ ವಿವರಿಸಿದರು. ಸುತ್ತ ನಿಂತಿದ್ದವರಿಗೂ ಆಗಲೇ ವಿಷಯ ಗೊತ್ತಾದದ್ದು. ಗುಜುಗುಜು ಎದ್ದಿತು. ಮುಯ್ಯಿ ತಂದವರು ಮುಯ್ಯಿಯನ್ನು ಮಡಿಲೊಳಗೆ ಸೇರಿಸಿಕೊಂಡರು. ಓಲಗದವರು ಊದುವುದೋ ಬಿಡುವುದೋ ಎಂದು ಮುಖ ಮುಖ ನೋಡಿದರು. ಗಾಡಿ ತಿರುಗಿಸಿ ಹೊರಟರೆ ಎಲ್ಲ ಮುಗಿಯಿತು ಎಂದುಕೊಂಡೆ. ನಿಂಗಮ್ಮ ಮಾತ್ರ ಒಂದು ಕುರ್ಚಿ ಎಳೆದುಕೊಂಡು ಕೂತು, ಉಂಡ್ಕಂಡೇ ಓಗವಾ ಬುಡಿ, ಎಂದಳು. ಅವಳು ಕೂತ ಮೇಲೆ ಹೊರಡುವ ಧೈರ್ಯ ಯಾರಿಗೂ ಬರಲಿಲ್ಲ.

ಸಾಹೇಬರ ಭಾಷಣ ನಡೆಯಿತು. ನನ್ನ ಚಿತ್ರಗಳನ್ನು ಎತ್ತಿ ತೋರಿಸಲಾಯಿತು. ದೊಡ್ಡ ಸಾಹೇಬರೂ ನಾಲ್ಕು ಮಾತು ಆಡಿದರು. ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು, ಮಕ್ಕಳು ಮೈಕಿನವನ ಹತ್ತಿರ ಸೇರಿದ್ದವು. ಕುರ್ಚಿಗಳು ತುಂಬಿದ್ದವು ನಿಜ, ಆದರೆ ಗದ್ದೆಯ ಕಡೆ ಯಾರೂ ತಿರುಗಿಯೂ ನೋಡಿರಲಿಲ್ಲ. ಊಟಕ್ಕೆ ಎಲೆ ಹಾಕಿದರು. ಅನ್ನ, ಹುಳಿ, ಕೋಸಂಬರಿ, ಪಾಯಸ, ಮದುವೆಗೆ ಕಡಿಮೆಯಿರಲಿಲ್ಲ. ನಿಂಗಮ್ಮ ಅನ್ನವನ್ನು ಬೆರಳಲ್ಲಿ ಹಿಸುಕಿ ನೋಡಿ, ಬಡಿಸುತ್ತಿದ್ದ ಸೋದರಳಿಯನನ್ನು ಕರೆದಳು. ಇದು ಆ ಗದ್ದೆ ಅಕ್ಕಿಯೇ ಎಂದು ಕೇಳಿದಳು. ಸಾಹೇಬರಿಗೆ ಸುಳ್ಳು ಬರುತ್ತಿರಲಿಲ್ಲ. ಇಲ್ಲ ಅತ್ತೆ, ಮಂಡಿಯಿಂದ ತರಿಸಿದ್ದು, ಎಂದರು.

"ಊರೋರ್ಗೆಲ್ಲ ಬೆಳೀರಿ ಅಂತೀಯ. ಉಣ್ಣಾಕೆ ಮಂಡಿ ಅಕ್ಕಿ ಇಕ್ತೀಯ. ಅದರ ಅನ್ನ ಎಂಗಾಯ್ತದೆ ಹೇಳು."

ಸಾಹೇಬರು ಬಾಯಿ ತೆರೆದರು. ಎಕರೆಗೆ ಎಷ್ಟು ಇಳುವರಿ, ಎಷ್ಟು ಗೊಬ್ಬರ, ತೆನೆಗೆ ಎಷ್ಟು ಕಾಳು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಅನ್ನ ಹೇಗಾಗುತ್ತದೆ ಎಂಬುದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ದೊಡ್ಡ ಸಾಹೇಬರಿಗೂ ಗೊತ್ತಿರಲಿಲ್ಲ. ಬೆಳೆದದ್ದೆಲ್ಲ ಬೀಜಕ್ಕೆಂದು ಉಗ್ರಾಣ ಸೇರುತ್ತಿತ್ತೇ ಹೊರತು, ಇಲಾಖೆಯಲ್ಲಿ ಅದನ್ನು ಬೇಯಿಸಿ ತಿಂದವರು ಒಬ್ಬರೂ ಇರಲಿಲ್ಲ. ಪಂಕ್ತಿಯಲ್ಲಿದ್ದ ಹೆಂಗಸರೆಲ್ಲ ಈಗ ಮಾತು ನಿಲ್ಲಿಸಿ ಇವರ ಮುಖವನ್ನೇ ನೋಡುತ್ತಿದ್ದರು.

ಸಾಹೇಬರು ಬಕೆಟ್ಟು ಕೆಳಗಿಟ್ಟರು. ಗದ್ದೆಯ ಮೂಲೆಯ ಪಟ್ಟಿಯಲ್ಲಿ ಮೊದಲೇ ಕುಯ್ದು ಒಣಗಿಸಿದ್ದ ಭತ್ತವನ್ನು ಬೀಜಕ್ಕೆಂದು ಮೂಟೆ ಕಟ್ಟಿ ಅಲ್ಲೇ ಕೊಟ್ಟಿಗೆಯಲ್ಲಿ ಇಟ್ಟಿದ್ದೆವು. ಹುಳು ಬೀಳದಂತೆ ಬೀಜಕ್ಕೆ ಬೆರೆಸುವ ಔಷಧಿ ಇನ್ನೂ ಹಾಕಿರಲಿಲ್ಲ. ಅವರು ನೇರವಾಗಿ ಅಲ್ಲಿಗೆ ಹೋಗಿ ಒಂದು ಮೂಟೆಯ ಹೊಲಿಗೆ ಬಿಚ್ಚತೊಡಗಿದರು. ಉಗ್ರಾಣದ ಗುಮಾಸ್ತ ಓಡಿಬಂದು, ಸಾರ್, ಅದು ಸರ್ಕಾರದ ಬೀಜ, ಬೇಯಿಸೋ ಹಾಗಿಲ್ಲ, ದೊಡ್ಡ ಸಾಹೇಬರು ನೋಡ್ತಿದಾರೆ ಎಂದು ಪಿಸುಗುಟ್ಟಿದ. ನೋಡಲಿ ಬಿಡಿ ಎಂದು ಇವರು ಹೊಲಿಗೆ ಎಳೆದರು.

ಹತ್ತಿರದ ಹಟ್ಟಿಯಿಂದ ಒನಕೆಗಳು ಬಂದವು, ಒರಳೂ ಬಂತು. ರೇಷ್ಮೆ ಸೀರೆಯ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಟ್ಟಲು ನಿಂತರು. ಅಡುಗೆಯ ಉಸ್ತುವಾರಿಗೆ ಬಂದಿದ್ದರೂ ಅಲ್ಲಿಯವರೆಗೆ ಗಂಡನ ಜೊತೆ ಮಾತು ಬಿಟ್ಟಿದ್ದ ಸೀತಮ್ಮನವರು ಮೊರ ಹಿಡಿದು ಕೇರಲು ಕೂತರು. ಸಾಹೇಬರು ತಾವೂ ಒಂದು ಕೈ ನೋಡುತ್ತೇನೆಂದು ಒನಕೆ ಎತ್ತಿ, ಒರಳಿನ ಹೊರಗೆ ತಮ್ಮ ಕಾಲ್ಬೆರಳಿನ ಪಕ್ಕದಲ್ಲೇ ಕುಟ್ಟಿದರು. ಹೆಂಗಸರು ಒನಕೆ ಕಿತ್ತುಕೊಂಡು ಅವರನ್ನು ಬೆಂಕಿ ಊದಲು ಕಳಿಸಿದರು. ಕೆಲಸವಿಲ್ಲದೆ ನಿಂತಿದ್ದ ಓಲಗದವರು ಒನಕೆಯ ಪೆಟ್ಟಿಗೆ ಸರಿಯಾಗಿ ಡೋಲು ಬಾರಿಸತೊಡಗಿದರು. ಅದನ್ನು ನಿಲ್ಲಿಸಿ ಎನ್ನಲು ದೊಡ್ಡ ಸಾಹೇಬರು ಎದ್ದರು, ಯಾರಿಗೆ ಹೇಳಬೇಕೆಂದು ಗೊತ್ತಾಗದೆ ಮತ್ತೆ ಕೂತರು.

ಅನ್ನವಾಯಿತು. ನಿಂಗಮ್ಮ ಒಂದು ತುತ್ತು ಬಾಯಿಗೆ ಹಾಕಿ ಅಗಿದಳು. ಹೊಸ ಅಕ್ಕಿ, ಒಸಿ ಅಂಟು, ಎಂದಳು. ಉಳಿದದ್ದನ್ನು ತಟ್ಟೆಯಲ್ಲಿ ಹರವಿಟ್ಟು ಸೆರಗು ಹೊದೆಸಿದಳು. ಸಾಹೇಬರು ತಡೆಯಲಾರದೆ, ಹೇಗಿದೆ ಅತ್ತೆ ಎಂದರು. ಆರಲಿ, ಆಮೇಲೆ ಹೇಳುತ್ತೇನೆ ಎಂದಳು. ಬೆಳಿಗ್ಗೆ ಮಾಡಿದ ಅನ್ನ ಗದ್ದೆಯಲ್ಲಿ ಉಣ್ಣುವ ಹೊತ್ತಿಗೆ ಹೇಗಿರುತ್ತದೆ ಎನ್ನುವುದು ಅವಳಿಗೆ ಮುಖ್ಯ. ಬಿಸಿಯಲ್ಲಿ ಎಲ್ಲ ಅನ್ನವೂ ಒಂದೇ ಎಂಬುದು ಅವಳ ಅಭಿಪ್ರಾಯ.

ದೊಡ್ಡ ಸಾಹೇಬರು ಗಡಿಯಾರ ನೋಡಿದರು. ಅವರಿಗೆ ಬೆಂಗಳೂರಿನ ರೈಲು ಹಿಡಿಯಬೇಕಿತ್ತು. ನೋಡಿಕೊಂಡೇ ಹೋಗುತ್ತೇನೆ ಎಂದು ಅವರೇ ಹೇಳಿದಾಗ ನನಗೆ ಆಶ್ಚರ್ಯವಾಯಿತು.

ಅನ್ನ ಆರುವ ತನಕ ಅಷ್ಟು ಜನ ಏನು ಮಾಡುವುದು? ಊಟವಾಗಿತ್ತು, ಭಾಷಣ ಮುಗಿದಿತ್ತು. ಒಬ್ಬೊಬ್ಬರೇ ಎದ್ದು ಬದುವಿನ ಮೇಲೆ ನಡೆದರು. ಒಬ್ಬಳು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿದಳು. ಇನ್ನೊಬ್ಬಳು ಹುಲ್ಲನ್ನು ಮುರಿದು, ಇಷ್ಟು ಗಿಡ್ಡ ಹುಲ್ಲಾದರೆ ದನಕ್ಕೇನು ಹಾಕುವುದು ಎಂದಳು. ಗಂಡಸರು ನೀರು ಯಾವಾಗ ಕಟ್ಟಿದಿರಿ, ಎಷ್ಟು ದೂರಕ್ಕೆ ನೆಟ್ಟಿರಿ, ಈ ಮೂಲೆ ಯಾಕೆ ಕೆಂಪಗಿದೆ ಎಂದು ಕೇಳತೊಡಗಿದರು. ಸಾಹೇಬರು ಮೈಕಿಲ್ಲದೆ, ಪಂಚೆ ಎತ್ತಿ ಕಟ್ಟಿ, ಒಬ್ಬರಿಂದ ಒಬ್ಬರಿಗೆ ಓಡುತ್ತಿದ್ದರು. ಗೊತ್ತಿದ್ದದ್ದಕ್ಕೆ ಉತ್ತರ ಹೇಳುತ್ತಿದ್ದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದರು. ಅಷ್ಟು ಸಂತೋಷದಲ್ಲಿ ನಾನು ಅವರನ್ನು ಮತ್ತೆ ಕಾಣಲಿಲ್ಲ. ನನ್ನ ಚಿತ್ರಗಳನ್ನು ಮಕ್ಕಳು ನೆಲದ ಮೇಲೆ ಹಾಸಿಕೊಂಡು ಮಲಗಿದ್ದವು. ಕಾಂಡಕೊರಕದ ಹೊಟ್ಟೆಯ ಮೇಲೆ ಒಂದು ಮಗು ನಿದ್ದೆಹೋಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ನಿಂಗಮ್ಮ ಸೆರಗು ಸರಿಸಿದಳು. ಎಲ್ಲರೂ ಸುತ್ತ ಬಂದು ನಿಂತರು. ದೊಡ್ಡ ಸಾಹೇಬರು ಎಲ್ಲರಿಗಿಂತ ಮುಂದಿದ್ದರು. ಅವಳು ತಿಂದು, ಸೀತಮ್ಮನವರಿಗೂ ಕೊಟ್ಟು, ಇನ್ನಿಬ್ಬರು ಹೆಂಗಸರಿಗೂ ಕೊಟ್ಟು, ಅವರ ಮುಖ ನೋಡಿ ತೀರ್ಮಾನ ಹೇಳಿದಳು. ಪರಿಮಳವಿಲ್ಲ. ನಮ್ಮ ಅಕ್ಕಿಯ ರುಚಿಯಿಲ್ಲ. ಆರಿದರೂ ಕಲ್ಲಾಗಿಲ್ಲ, ಹೊಟ್ಟೆಗೆ ನಿಲ್ಲುತ್ತದೆ. ಹುಲ್ಲು ಗಿಡ್ಡ. ಒಂದು ಮೂಲೆಯಲ್ಲಿ ಹಾಕಿ ನೋಡಬಹುದು.

ಇಷ್ಟು ಹೇಳಿ, ಒಂದು ಸೇರು ಬೀಜ ಕೊಡು ಎಂದು ಅಳಿಯನ ಮುಂದೆ ಸೆರಗು ಹಿಡಿದಳು.

ಇಡೀ ಜಿಲ್ಲೆಗೆ ಬಿತ್ತಿ ಬಿತ್ತಿ ಎಂದು ಹೇಳಿಕೊಂಡು ತಿರುಗಿದ ಮನುಷ್ಯ ಆಗ ಹಿಂದಕ್ಕೆ ಸರಿದರು. ನಿಮಗೆ ಬೇಡ ಅತ್ತೆ, ಇನ್ನೊಂದು ವರ್ಷ ನೋಡೋಣ, ಎಂದರು. ಸುತ್ತಲಿದ್ದವರು ನಕ್ಕರು. ಅವರು ನಗಲಿಲ್ಲ.

"ಓದ್ಸಲದಂಗೆ ಆದ್ರೆ ಅಂತ ಎದ್ರುತೀಯಾ?"

ಸಾಹೇಬರು ಮೂಟೆಯ ಬಾಯಿ ಮಡಿಸಿ ಹಿಡಿದುಕೊಂಡರು.

"ಪೈರು ಓಯ್ತು ಅಂತ ನಾನ್ಯಾವತ್ತು ಅಂದೆ ಮಗ? ಮಳೆಗೂ ಓಗ್ತದೆ, ರೋಗಕ್ಕೂ ಓಗ್ತದೆ. ನೀನು ಬಂದು ನೋಡ್ಲಿಲ್ವಲ್ಲ, ಅದು ನನ್ ಸಿಟ್ಟು."

ಅವಳೇ ಮೂಟೆಗೆ ಕೈಹಾಕಿ ಬೀಜ ತುಂಬಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿ, ಗಾಡಿ ಹತ್ತಿದಳು. ಮಿಕ್ಕವರೂ ಒಬ್ಬೊಬ್ಬರಾಗಿ ಸೆರಗು, ಟವಲು ಹಿಡಿದುಕೊಂಡು ಬಂದರು. ಗುಮಾಸ್ತ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟ.

ದೊಡ್ಡ ಸಾಹೇಬರು ಜೀಪು ಹತ್ತುವಾಗ ನಾವು ಬೆಂಗಳೂರಿನ ಅಂಕಿಅಂಶದ ಮಾತು ಬರುತ್ತದೆಂದು ಕಾಯುತ್ತಿದ್ದೆವು. ಅವರು ಟೋಪಿ ಸರಿಮಾಡಿಕೊಂಡು, "ಮುಂದಿನ ಸಲ ಅನ್ನ ಬೆಳಿಗ್ಗೆನೇ ಮಾಡಿಸಿ ಆರಿಸಿಡ್ರಿ. ನನಗೆ ರೈಲು ತಪ್ಪಿಹೋಯ್ತು" ಎಂದರು.

ಆ ಮೇಲಿನ ಮಳೆಗಾಲದಲ್ಲಿ, ನಾಟಿಯ ಸಮಯ, ಒಂದು ಭಾನುವಾರ ಸಾಹೇಬರು ಮಂಡಿ ಮೊಹಲ್ಲಾದ ನಮ್ಮ ಮನೆಗೆ ಬಂದು, ಊರಿಗೆ ಹೋಗಬೇಕು, ಜೊತೆಗೆ ಬಾ ಎಂದರು. ಯಾವೂರು ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಸಮನೆ ಮಾತಾಡಿದರು, ಗೊಬ್ಬರದ್ದು, ಮಳೆಯದ್ದು, ಕಂಡಕ್ಟರನ ಊರಿನ ಮಣ್ಣಿನದ್ದು. ಬಸ್ಸು ಇಳಿದೆವು. ಯಾರ ಅಂಗಳಕ್ಕೆ ಬೇಕಾದರೂ ನುಗ್ಗಿ ಮಣ್ಣು ಮೂಸುತ್ತಿದ್ದವರು ಕಾಲುದಾರಿಯ ತುದಿಯಲ್ಲಿ ನಿಂತುಬಿಟ್ಟರು.

"ನೀನು ಮುಂದೆ ಹೋಗು ಕಣಯ್ಯ," ಎಂದರು.

ನಾನು ಮುಂದೆ ನಡೆದೆ, ಅವರು ನನ್ನ ಬೆನ್ನ ಹಿಂದೆ ಬಂದರು. ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದರು. ಮೂಲೆಯಲ್ಲಿ, ಒಂದು ಚಿಕ್ಕ ಪಟ್ಟಿಯಲ್ಲಿ, ನಿಂಗಮ್ಮ ಒಬ್ಬಳೇ ಇದ್ದಳು. ಮೊಣಕಾಲಿನವರೆಗೆ ಕೆಸರು. ಕೈಯಲ್ಲಿ ಪೈರಿನ ಕಂತೆ. ನಾವು ಬದುವಿನ ಮೇಲೆ ನಿಂತದ್ದು ಅವಳಿಗೆ ಗೊತ್ತಾಗಿತ್ತು. ಆದರೂ ತಲೆ ಎತ್ತಲಿಲ್ಲ. ಹಿಡಿದಿದ್ದ ಪೈರನ್ನು ನೆಟ್ಟು ಮುಗಿಸಿ, ಇನ್ನೊಂದು ಕಂತೆಯನ್ನು ಹಿಂದಕ್ಕೆ ಚಾಚಿದಳು.

"ಬೂಟು ಬಿಚ್ಚಿ ಇಳಿ," ಎಂದಳು.

ಸಾಹೇಬರು ಬದುವಿನ ಮೇಲೆ ಕೂತು ಲೇಸು ಬಿಚ್ಚತೊಡಗಿದರು. ಎಳೆದಷ್ಟೂ ಗಂಟು ಬಿಗಿಯಾಯಿತು. ಕೊನೆಗೆ ಬಿಚ್ಚುವುದನ್ನು ಬಿಟ್ಟು ಬೂಟು ಸಮೇತ ಇಳಿದರು.